ತಾಮ್ರದ ಹುಲಿಯ ಹಸಿವು

ಬೆಟ್ಟಗಳು ಇನ್ನೂ ಒಂದಕ್ಕೊಂದು ಮಾತಾಡುತ್ತಿದ್ದ ಕಾಲದಲ್ಲಿ, ಮೂಡಣ ಸೀಮೆಯ ಹಳದಿ ಹೊಳೆಯ ದಂಡೆಯಲ್ಲಿ ಬಿದಿರುಕೋಟೆ ಎಂಬ ರಾಜ್ಯವಿತ್ತು. ಅದರ ದೊರೆ ಅರಿಂಜಯ. ಪಟ್ಟಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವನಿಗೆ ಒಬ್ಬಳೇ ಪುಟ್ಟ ತಂಗಿ, ಮಂಜರಿ.

ತನ್ನ ನಾಡಿನಲ್ಲಿ ಸುಳ್ಳು, ಮೋಸ ಇರಬಾರದೆಂದು ಅರಿಂಜಯನ ಆಸೆ. ಅದನ್ನು ತಿಳಿದು ಹೊಗೆಬೆಟ್ಟದಿಂದ ಧೂಮಕೇಶನೆಂಬ ಮಾಂತ್ರಿಕ ಇಳಿದು ಬಂದ. ಅವನ ಹಿಂದೆ ಕರುವಿನಷ್ಟು ಎತ್ತರದ ತಾಮ್ರದ ಹುಲಿಯೊಂದು ನಡೆದು ಬಂತು.

"ಇದಕ್ಕೆ ಮಾಂಸ ಬೇಡ, ದೊರೆಯೇ," ಎಂದ ಧೂಮಕೇಶ. "ಸುಳ್ಳು ಹೇಳಿದವರನ್ನೂ ನಿಮ್ಮ ಕಟ್ಟಳೆ ಮುರಿದವರನ್ನೂ ನುಂಗುತ್ತದೆ. ಒಳಗೆ ಹೋದವರು ಸಾಯುವುದಿಲ್ಲ. ಒಂದು ಹಗಲು ಪೂರ್ತಿ ಇದು ಹಸಿದಿದ್ದರೆ ಎಲ್ಲರನ್ನೂ ಹೊರಗೆ ಬಿಡುತ್ತದೆ. ತಲೆಯ ಮೇಲೆ ಕಿರೀಟವಿರುವವನನ್ನು ಮಾತ್ರ ಮುಟ್ಟುವುದಿಲ್ಲ."

"ಇದಕ್ಕೆ ನಾನೇನು ಕೊಡಬೇಕು?"

"ಈಗ ಏನೂ ಬೇಡ. ನುಂಗಿದಷ್ಟೂ ಇದು ಬೆಳೆಯುತ್ತದೆ. ಇದರ ತಲೆ ಕೋಟೆಯ ಬುರುಜಿನ ತುದಿ ಮುಟ್ಟಿದ ದಿನ ನಾಡು ನನ್ನದು. ನಿಮ್ಮ ಜನ ಒಳ್ಳೆಯವರು ತಾನೆ? ಮತ್ತೆ ಹೆದರಿಕೆ ಏಕೆ?"

ಅರಿಂಜಯ ಒಪ್ಪಿಬಿಟ್ಟ.

ಹುಲಿ ಮೊದಲು ನುಂಗಿದ್ದು ಮಂಜರಿಯನ್ನೇ. ತುಟಿಗೆಲ್ಲ ಬೆಲ್ಲ ಮೆತ್ತಿಕೊಂಡು, "ನಾನು ಬೆಲ್ಲ ಮುಟ್ಟಿಯೇ ಇಲ್ಲ," ಎಂದಿದ್ದಳು.

ತಂಗಿಯನ್ನು ಬಿಡಿಸಲು ಅರಿಂಜಯ ಮೊದಲು ಕಟ್ಟಳೆಗಳನ್ನು ಹೆಚ್ಚಿಸಿದ. ಬೀದಿಗೊಬ್ಬ ಕಾವಲುಗಾರನನ್ನಿಟ್ಟ. ಬೇಲಿ ಎತ್ತರವಾದಷ್ಟೂ ಜನ ನುಸುಳುವುದನ್ನು ಕಲಿತರು. ಹುಲಿ ಆನೆಯಷ್ಟಾಯಿತು.

ಆಮೇಲೆ ಡಂಗುರ ಸಾರಿಸಿದ: ಎಂದೂ ಸುಳ್ಳಾಡದವರಿಗೆ ರೇಷ್ಮೆ ಶಾಲು. ಮರುದಿನ ಬೆಳಿಗ್ಗೆ ಅರ್ಧ ಊರೇ ಸಾಲಾಗಿ ನಿಂತಿತ್ತು. ಅಂದು ಹುಲಿಗೆ ಹಬ್ಬದೂಟ. ಅದರ ಕಿವಿ ಬುರುಜಿನ ಕಿಟಕಿಗೆ ಬಂತು.

ಮೂರನೆಯ ಸಲ ಅರಿಂಜಯ ಏನನ್ನೂ ಸಾರಿಸಲಿಲ್ಲ. ಮಲಗಿದ್ದ ಹುಲಿಯ ಹೊಟ್ಟೆಗೆ ಕಿವಿಯಿಟ್ಟು ಕುಳಿತ.

"ಮಂಜರಿ, ಹೇಗಿದ್ದೀಯಮ್ಮ?"

"ಇಕ್ಕಟ್ಟು, ಅಣ್ಣ. ಶಾಲಿನವರು ಬೇರೆ ಬಂದುಬಿಟ್ಟರು. ಪಕ್ಕದಲ್ಲಿ ಒಬ್ಬ ಹಾಲಿನವನಿದ್ದಾನೆ. ನೀರು ಬೆರೆಸಿದ್ದು ಒಂದೇ ಚೊಂಬು ಅಂತ ಗೊಣಗುತ್ತಾನೆ."

"ಏಕೆ ಬೆರೆಸಿದ? ಕೇಳು."

ಒಳಗೆ ಗುಸುಗುಸು ನಡೆಯಿತು. "ಬೇಳೆ ಅಂಗಡಿಯ ಸಂಕಣ್ಣ ಇವನಿಗೆ ಕಡಿಮೆ ಅಳೆದನಂತೆ. ಸಂಕಣ್ಣನೂ ಇಲ್ಲೇ ಇದ್ದಾನೆ. ಅವನಿಂದ ಸುಂಕದವನು ಹೆಚ್ಚು ಅಳೆದುಕೊಂಡನಂತೆ. ಸುಂಕದವನು ಬಾಲದ ಹತ್ತಿರ ಕೂತಿದ್ದಾನೆ, ತಾಳು." ಸ್ವಲ್ಪ ಹೊತ್ತಿಗೆ ದನಿ ಮತ್ತೆ ಬಂತು. "ಅವನಿಂದ ಅರಮನೆಯವರು ಹಾಗೇ ಅಳೆದುಕೊಳ್ಳುತ್ತಾರಂತೆ. ಆದರೆ ಅಣ್ಣ, ಅರಮನೆಯವರು ಇಲ್ಲಿ ಒಬ್ಬರೂ ಇಲ್ಲ."

"ಏಕಿಲ್ಲ?"

"ಅದನ್ನು ನೀನೇ ಹೇಳಬೇಕು."

ಅರಿಂಜಯ ನೆಟ್ಟಗೆ ಅರಮನೆಯ ಉಗ್ರಾಣಕ್ಕೆ ಹೋದ. ಉಗ್ರಾಣಿ ಕೇತಯ್ಯ ಅಕ್ಕಿ ಅಳೆಯುತ್ತಿದ್ದ. ಅವನ ಮುಂದೆ ಎರಡು ಕೊಳಗಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು.

"ದೊಡ್ಡದು ಜನರಿಂದ ತೆಗೆದುಕೊಳ್ಳಲು, ಚಿಕ್ಕದು ಜನರಿಗೆ ಕೊಡಲು," ಎಂದ ಕೇತಯ್ಯ. "ನಿಮ್ಮ ಮುತ್ತಾತನ ಕಟ್ಟಳೆ, ಪ್ರಭು. ನಾನು ಎಂದೂ ಮೀರಿಲ್ಲ."

ಕೇತಯ್ಯನನ್ನು ಹುಲಿ ಏಕೆ ನುಂಗಲಿಲ್ಲವೆಂದು ಅರಿಂಜಯನಿಗೆ ಆಗ ತಿಳಿಯಿತು. ಮೋಸವೇ ಕಟ್ಟಳೆಯಾಗಿತ್ತು. ಬಾಲ್ಯದ ಗುರುಗಳು ಬಿಸಿಲಲ್ಲಿ ಒಂದು ಡೊಂಕು ಬಿದಿರು ನೆಟ್ಟು ಹೇಳಿದ್ದು ನೆನಪಾಯಿತು: "ನೆರಳನ್ನು ನೆಟ್ಟಗೆ ಮಾಡಲು ನೆಲವನ್ನು ಬಡಿಯಬೇಡ, ಮಗು."

ಮರುದಿನ ಸೂರ್ಯ ಹುಟ್ಟುವಾಗ ಅರಿಂಜಯ ಚೌಕಕ್ಕೆ ಬಂದು ಕಿರೀಟ ತೆಗೆದು ಕೆಳಗಿಟ್ಟ. ಹುಲಿ ತಲೆಯೆತ್ತಿತು. ಬುರುಜಿನ ತುದಿಗೆ ಇನ್ನು ಒಂದು ಗೇಣು ಉಳಿದಿತ್ತು.

"ಬೇಡ, ಪ್ರಭು," ಎಂದ ಕೇತಯ್ಯ. "ಬರಿತಲೆಯಲ್ಲಿದ್ದರೆ ಅದು ನಿಮ್ಮನ್ನೂ ಬಿಡುವುದಿಲ್ಲ."

ಅರಿಂಜಯ ಎರಡೂ ಕೊಳಗಗಳನ್ನು ಎತ್ತಿ ಜನರಿಗೆ ತೋರಿಸಿದ. "ಇವು ನನ್ನ ಅರಮನೆಯವು. ನನಗೆ ಇದು ಗೊತ್ತಿರಲಿ..."

ಕುತ್ತಿಗೆಗೆ ತಣ್ಣನೆಯ ತಾಮ್ರದ ಹಲ್ಲು ತಾಗಿತು. ಅವನು ಮಾತು ನಿಲ್ಲಿಸಿದ.

"ಗೊತ್ತಿತ್ತು," ಎಂದ. "ಪಟ್ಟಕ್ಕೆ ಬಂದ ದಿನ ಈ ಕಟ್ಟಳೆಯನ್ನು ಓದಿಯೇ ಮುದ್ರೆ ಒತ್ತಿದೆ. ಎಲ್ಲ ದೊರೆಗಳೂ ಹೀಗೇ ಮಾಡುತ್ತಾರೆಂದು ಸುಮ್ಮನಾದೆ. ಈ ನಾಡಿನ ಮೊದಲ ಕಳ್ಳ ನಾನೇ."

ಹಲ್ಲು ಹಿಂದೆ ಸರಿಯಿತು.

ಆ ಹಳೆಯ ಕಟ್ಟಳೆಯನ್ನು ರದ್ದು ಮಾಡಿ, ಅರಿಂಜಯ ಕೊಡಲಿ ತರಿಸಿ ಎರಡು ಕೊಳಗಗಳನ್ನೂ ಒಡೆದ. ಸರಿಯಾದ ಅಳತೆಯ ಬೇರೊಂದು ಕೊಳಗ ಹಿಡಿದು, ಹೆಚ್ಚಾಗಿ ತೆಗೆದುಕೊಂಡ ಅಕ್ಕಿಯನ್ನು ತಾನೇ ಅಳೆದು ಹಿಂದಿರುಗಿಸತೊಡಗಿದ. ಹೊಸ ಕಟ್ಟಳೆ ಏನೂ ಸಾರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಮಾರುವ ಹೆಂಗಸೊಬ್ಬಳು ಚಾಪೆಯ ಕೆಳಗಿನಿಂದ ತನ್ನ ಕಳ್ಳ ಅಳತೆಯನ್ನು ತೆಗೆದು ಒಲೆಗೆ ಹಾಕಿದಳು. ಪಕ್ಕದವನು ಅದನ್ನು ನೋಡಿ ತನ್ನದನ್ನೂ ತಂದ. ಹುಲಿ ಬೀದಿ ಬೀದಿ ಮೂಸುತ್ತ ಅಲೆಯಿತು.

ಹೊತ್ತು ಇಳಿಯುವಾಗ ಒಬ್ಬ ಮುದುಕ ಅಕ್ಕಿ ಹೊತ್ತು ಮನೆಗೆ ಹೊರಟವನು ನಿಂತ. ಹುಲಿ ಅವನ ಹಿಂದೆ ಬಾಯಿ ತೆರೆಯಿತು. ಮುದುಕ ತಿರುಗಿ ಬಂದು, "ನೀವು ದಣಿದಿದ್ದೀರಿ, ಪ್ರಭು. ಒಂದು ಕೊಳಗ ಹೆಚ್ಚಿಗೆ ಹಾಕಿದ್ದೀರಿ," ಎಂದು ಅದನ್ನು ರಾಶಿಗೆ ಮರಳಿ ಸುರಿದು ಹೋದ. ಹುಲಿಯ ಬಾಯಿ ಟಕ್ಕೆಂದು ಮುಚ್ಚಿಕೊಂಡಿತು.

ಸೂರ್ಯ ಮುಳುಗಿದ. ಹುಲಿ ಮಲಗಿ ಬಾಯಿ ತೆರೆಯಿತು. ಹಾಲಿನವನು, ಸಂಕಣ್ಣ, ಸುಂಕದವನು, ಶಾಲಿನವರು ಒಬ್ಬೊಬ್ಬರಾಗಿ ಹೊರಬಂದರು. ಕೊನೆಗೆ ಮಂಜರಿ ಬಂದು ಅಣ್ಣನ ಕೈ ಹಿಡಿದಳು.

"ಬೆಲ್ಲ ತಿಂದದ್ದು ನಾನೇ," ಎಂದಳು.

"ಗೊತ್ತು," ಎಂದ ಅರಿಂಜಯ.

ಅಷ್ಟರಲ್ಲಿ ಧೂಮಕೇಶ ಏದುಸಿರು ಬಿಡುತ್ತ ಓಡಿಬಂದ. "ಸಂತೋಷ, ದೊರೆಯೇ. ಹೀಗೇ ಆಗಲಿ ಎಂದಲ್ಲವೆ ನಾನು ಈ ಹುಲಿಯನ್ನು ತಂದದ್ದು?"

ಹುಲಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಂದೇ ಗುಟುಕಿಗೆ ಅವನನ್ನು ನುಂಗಿತು.

ಮುಂದೆ ಅದಕ್ಕೆ ಆಹಾರ ಸಿಗಲಿಲ್ಲ. ಆದರೂ ತನ್ನನ್ನು ತಂದವನನ್ನು ಮಾತ್ರ ಅದು ಹೊರಗೆ ಬಿಡಲಿಲ್ಲ. ಬಡವಾಗುತ್ತ ಆನೆಯಷ್ಟಾಯಿತು, ಕರುವಿನಷ್ಟಾಯಿತು, ಬೆಕ್ಕಿನಷ್ಟಾಯಿತು, ಕೊನೆಗೊಂದು ತಾಮ್ರದ ಮುದ್ದೆಯಾಯಿತು. ಕಂಚುಗಾರರು ಅದನ್ನು ಬಡಿದು ಒಂದು ಕೊಳಗ ಮಾಡಿದರು. ಕೊಡುವುದಕ್ಕೂ ಅದೇ, ತೆಗೆದುಕೊಳ್ಳುವುದಕ್ಕೂ ಅದೇ. ಅಳೆಯುವವನ ಕೈ ಓರೆಯಾದರೆ ಧೂಮಕೇಶ ಒಳಗಿನಿಂದ ಕೆಮ್ಮುತ್ತಾನೆಂದು ಜನ ಹೇಳುತ್ತಿದ್ದರು.

ಬಿದಿರುಕೋಟೆಯವರು ಬಹುಕಾಲ ಸುಖವಾಗಿದ್ದರು. ಆ ಕೆಮ್ಮು ಕೇಳಿದವರು ಮಾತ್ರ ಅಲ್ಲಿ ಒಬ್ಬರೂ ಇರಲಿಲ್ಲ.