ಮೇಷ್ಟ್ರ ಡಬ್ಬಿ

ಡಬ್ಬಿ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಮೇಷ್ಟ್ರಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರುತ್ತಿತ್ತು. ಅಡುಗೆಮನೆಯಿಂದ ಹೆಂಡತಿ “ರೀ, ಆ ಸಕ್ಕರೆ ಡಬ್ಬಿ ಈ ಕಡೆ ಕೊಡಿ” ಎಂದರೂ ಬೇಕೆಂದೇ ಚುಚ್ಚಿದಳು ಅನ್ನಿಸಿ, ಅರ್ಧ ಕುಡಿದ ಕಾಫಿಯನ್ನು ಕುಕ್ಕಿ ಎದ್ದು ಹೋಗುತ್ತಿದ್ದರು. ಸಕ್ಕರೆಗೇನು ಗೊತ್ತು ಪಾಪ.

ಮೇಷ್ಟ್ರು ಅಂದರೆ ಪಾಠಶಾಲೆಯ ಮೇಷ್ಟ್ರಲ್ಲ. ವಿಮಾನದಿಂದ ಜಿಗಿಯುವುದನ್ನು ಕಲಿಸುವ ಮೇಷ್ಟ್ರು. ಜಿಗಿಯುವವರ ಬೆನ್ನಿನ ಚೀಲದಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ. ದಿನಾ ಬಿಚ್ಚುವುದು ಒಂದು, ಅದು ಕೈಕೊಟ್ಟರೆ ಬಿಚ್ಚುವ ತುರ್ತಿನದು ಇನ್ನೊಂದು. ಎರಡನ್ನೂ ಬಿಚ್ಚಬೇಕಾದವನು ಜಿಗಿದವನೇ. ಅವನಿಗೆ ಗಾಳಿಯಲ್ಲೇ ಪ್ರಜ್ಞೆ ತಪ್ಪಿತು, ಅಥವಾ ಯಾವುದೋ ಧ್ಯಾನದಲ್ಲಿ ಎತ್ತರದ ಪರಿವೆ ತಪ್ಪಿತು ಎನ್ನಿ. ನೆಲ ಇನ್ನೇನು ಬಂತು ಅನ್ನುವಾಗ ತುರ್ತಿನದನ್ನು ತಾನಾಗಿಯೇ ಬಿಚ್ಚುವ ಪುಟ್ಟ ಯಂತ್ರವೊಂದು ಚೀಲದೊಳಗೆ ಇರುತ್ತದೆ. ಅದೇ ಡಬ್ಬಿ. ಕುತ್ತಿಗೆಯ ಹಿಂದಿನ ಮುಚ್ಚಳ ಎತ್ತಿದರೆ ಅದರ ಗುಂಡಿ, ಚಿಕ್ಕ ಪರದೆ ಕಾಣುತ್ತವೆ. ಬೆಳಗ್ಗೆ ಗುಂಡಿ ಒತ್ತಿ ಎಬ್ಬಿಸಬೇಕು, ರಾತ್ರಿಯಾಗುವಾಗ ಅದು ತಾನಾಗಿ ಮಲಗುತ್ತದೆ, ಮರುದಿನ ಮತ್ತೆ ಎಬ್ಬಿಸಬೇಕು. “ಹಲ್ಲುಜ್ಜೋದು ಮರೆತ್ರೂ ಪರವಾಗಿಲ್ಲ, ಇದನ್ನ ಎಬ್ಬಿಸೋದು ಮರೀಬೇಡ್ರಪ್ಪಾ” ಎಂದು ಮೇಷ್ಟ್ರು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದರು.

ಅಂಥವರ ಪ್ರಾಣವನ್ನೇ ಒಂದು ದಿನ ಡಬ್ಬಿ ಉಳಿಸಿತು. ಹೊಸ ಶಿಷ್ಯೆಯೊಬ್ಬಳು ಗಾಳಿಯಲ್ಲಿ ಬುಗುರಿಯಂತೆ ಸುತ್ತತೊಡಗಿದಾಗ ಅವಳನ್ನು ಹಿಡಿದು ಸರಿಪಡಿಸಿ, ಅವಳ ಪ್ಯಾರಾಚೂಟ್ ಬಿಚ್ಚಿಸಿ, ಅದು ಸರಿಯಾಗಿ ಅರಳಿತೇ ಎಂದು ಮೇಲಕ್ಕೆ ನೋಡುತ್ತ ಮೇಷ್ಟ್ರು ತಮ್ಮ ಕೆಳಗೆ ನೆಲವೆಂಬುದು ಒಂದಿದೆ ಅನ್ನುವುದನ್ನೇ ಮರೆತರು. ಬೆನ್ನಲ್ಲಿ ಪಟ್ ಎಂದಿತು. ಬಿಳಿಯ ತುರ್ತು ಪ್ಯಾರಾಚೂಟಿಗೆ ನೇತುಬಿದ್ದು, ಹೊರಗಿನ ಬೇಲಿಯ ಮುಳ್ಳಿನಲ್ಲಿ ಹೋಗಿ ಕೂತರು. ಶಿಷ್ಯೆ ಮಾತ್ರ ಮೈದಾನದ ನಡುವೆ ಮಲ್ಲಿಗೆ ಉದುರಿದ ಹಾಗೆ ಇಳಿದಳು.

ಇದನ್ನು ಯಾರಾದರೂ ಹೊಗಳಬೇಕಿತ್ತು. ಹೊಗಳಿದವರೂ ಇದ್ದರು. ಆದರೆ ಆ ಸಂಜೆ ಎಲ್ಲರೂ ಕ್ಯಾಂಟೀನಿನಲ್ಲಿ ಸೇರಿದ್ದಾಗ ಮೇಷ್ಟ್ರ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ, ಖಾಲಿ ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಕೆಂಪು ರಿಬ್ಬನ್ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ತಂದು, ಬಗ್ಗಿ ಅವರ ಮುಂದಿಟ್ಟ. “ನಮ್ಮ ಭಾವನ್ನ ನಮಗೆ ಉಳಿಸಿಕೊಟ್ಟ ಡಬ್ಬಿಗೆ, ಜೈ!” ಇಡೀ ಕ್ಯಾಂಟೀನ್ ಜೈ ಎಂದಿತು. ಬಿದ್ದು ಬಿದ್ದು ನಕ್ಕಿತು. ಭಾಮೈದ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮರುದಿನದಿಂದ ಅವರು ಡಬ್ಬಿ ಮೇಷ್ಟ್ರಾದರು.

ಹಾರಲು ಕಲಿಸಿದ್ದು ಯಾರು ಇವನಿಗೆ? ವಿಮಾನದ ಬಾಗಿಲಲ್ಲಿ ಕಂಬಿ ಬಿಡಲೊಲ್ಲದೆ ನಿಂತಿದ್ದವನನ್ನು “ಬಾರೋ, ನಾನಿದ್ದೀನಿ” ಎಂದು ಕೈಹಿಡಿದು ಇಳಿಸಿದ್ದು ಯಾರು? ಜಿಗಿತದ ಶಾಲೆಯ ಒಡತಿ ಕರೆದು, “ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನೀವು ಸ್ವಲ್ಪ ದಿನ ನೆಲದ ಮೇಲಿನ ಪಾಠ ನೋಡ್ಕೊಳ್ಳಿ, ಮೇಲಿನದ್ದು ಅವನು ನೋಡ್ಕೋತಾನೆ” ಎಂದಾಗ ಮೇಷ್ಟ್ರು ಹಲ್ಲು ಕಚ್ಚಿ “ಆಗಲಮ್ಮ” ಎಂದು ಹೊರಗೆ ಬಂದರು. ಮುಖ್ಯ ತರಬೇತುದಾರನ ಕುರ್ಚಿಯಲ್ಲಿ ಆಗಲೇ ಭಾಮೈದನ ಜಾಕೆಟ್ ನೇತಾಡುತ್ತಿತ್ತು.

ಪಾಠ ಮುಗಿದ ಮೇಲೆ ತಾವೊಬ್ಬರೇ ಹಾರುವುದನ್ನು ಮೇಷ್ಟ್ರು ಬಿಡಲಿಲ್ಲ, ಆದರೆ ಆ ದಿನದಿಂದ ತಮ್ಮ ಡಬ್ಬಿಯನ್ನು ಎಬ್ಬಿಸುವುದನ್ನು ಬಿಟ್ಟರು. ಡಬ್ಬಿ ಇಲ್ಲದೆ ಯಾರೂ ಹಾರಕೂಡದು ಅನ್ನುವುದು ಶಾಲೆಯ ಕಟ್ಟಳೆ, ಹಾಗಾಗಿ ಅದು ಚೀಲದಲ್ಲಿ ಇತ್ತು, ಸತ್ತಂತೆ ಇತ್ತು. ಹಳಬರ ಚೀಲದ ಮುಚ್ಚಳ ಎತ್ತಿ ನೋಡುವ ಧೈರ್ಯ ಯಾರಿಗಿದೆ? ವಿಷಯ ಹೆಂಡತಿಗೆ ಮಾತ್ರ ಗೊತ್ತಾಯಿತು.

“ರೀ, ಕೋಪ ಇದ್ರೆ ನನ್ನ ಮೇಲೆ ತೀರಿಸ್ಕೊಳ್ಳಿ. ಅದನ್ನ ಮಾತ್ರ ಎಬ್ಬಿಸ್ಕೊಂಡು ಹಾರಿ.”

“ಈ ಕೈ ಇರೋ ತನಕ ನನಗೆ ಯಾವ ಡಬ್ಬಿಯೂ ಬೇಡ. ಮುಟ್ಟಲ್ಲ. ಅದರ ಮುಖಾನೂ ನೋಡಲ್ಲ.”

ಅವಳು ಅತ್ತಳು, ಊಟ ಬಿಟ್ಟಳು, ಕೊನೆಗೆ ಒಂದು ದಿನ ಇದ್ದಕ್ಕಿದ್ದಂತೆ ಸುಮ್ಮನಾದಳು. ಗೆದ್ದೆ ಎಂದುಕೊಂಡರು ಮೇಷ್ಟ್ರು.

ಸಿಟ್ಟು ಬರೀ ಸಿಟ್ಟಾಗಿದ್ದಷ್ಟು ದಿನ ಅಪಾಯವಿರಲಿಲ್ಲ. ಅದು ಯೋಚನೆ ಮಾಡಲು ಶುರುಮಾಡಿದ್ದು ಸಲಕರಣೆ ಕೋಣೆಯಲ್ಲಿ. ಗೋಡೆಯುದ್ದಕ್ಕೂ ಗೂಟಗಳು, ಗೂಟಕ್ಕೊಂದು ಚೀಲ, ನೆಲಕ್ಕೆ ಹಾಸಿದ ಹಸಿರು ರತ್ನಗಂಬಳಿಯ ಮೇಲೆ ಪ್ಯಾರಾಚೂಟ್ ಮಡಿಸುವವರ ಮೊಣಕಾಲು ಸವೆಸಿದ ಗುರುತು. ನೆಲದ ಪಾಠಕ್ಕೆ ಹೋಗುವ ಮೊದಲು ಮೇಷ್ಟ್ರು ಅಲ್ಲಿ ಕೂತು ಭಾಮೈದನ ಸಲಕರಣೆಯನ್ನೇ ನೋಡುತ್ತಿದ್ದರು. ಒಂದೊಂದೂ ಅವರ ಪಾಠಕ್ಕೆ ಬಾರಿಸಿದ ಕಪಾಳಮೋಕ್ಷ. ಅವರು ದೊಡ್ಡ, ಸಾಧು ಪ್ಯಾರಾಚೂಟ್ ಆರಿಸಿಕೋ ಎಂದರೆ ಇವನದು ಕರವಸ್ತ್ರದಷ್ಟು ಚಿಕ್ಕದು, ಚಾಕುವಿನಷ್ಟು ಚುರುಕು. ಹೆಲ್ಮೆಟ್ ಗಟ್ಟಿಯದಿರಲಿ ಎಂದರೆ ಇವನ ತಲೆಗೆ ಮೆತ್ತನೆ ತೊಗಲಿನ ಟೋಪಿ, ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ. ಕೈಕೊಟ್ಟ ದಿನಬಳಕೆಯ ಪ್ಯಾರಾಚೂಟನ್ನು ಕಳಚಿ ಬಿಸಾಡಿದಾಗ ತುರ್ತಿನದನ್ನು ತಾನಾಗಿಯೇ ಎಳೆದು ತೆರೆಯುವ ಪಟ್ಟಿಯೊಂದಿರುತ್ತದೆ, ಅದನ್ನೂ ತೆಗೆಸಿದ್ದ. “ಅದೆಲ್ಲ ಕಲಿಯೋರಿಗೆ ಭಾವ” ಅಂದಿದ್ದ. ಅವನು ಬಿಡದೆ ಇಟ್ಟುಕೊಂಡದ್ದು ಒಂದೇ, ಕಟ್ಟಳೆಗೆ ಹೆದರಿ ಇಟ್ಟ ಡಬ್ಬಿ.

ಮೆತ್ತನೆ ಟೋಪಿಯ ತಲೆಗೆ ಗಾಳಿಯಲ್ಲಿ ಒಂದು ಪೆಟ್ಟು ಬಿದ್ದರೆ ಅವನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಎಚ್ಚರ ತಪ್ಪಿದವನ ಕೈ ಪ್ಯಾರಾಚೂಟ್ ಬಿಚ್ಚುವ ಯಾವ ಹಿಡಿಯನ್ನೂ ಎಳೆಯುವುದಿಲ್ಲ. ಉಳಿಸಬೇಕಾದದ್ದು ಡಬ್ಬಿ. ಡಬ್ಬಿ ಮಲಗಿದ್ದರೆ?

ಮಲಗಿದ ಡಬ್ಬಿ ಯಾರ ಮೇಲೂ ದೂರು ಹೇಳುವುದಿಲ್ಲ. ಬೆಳಗ್ಗೆ ಎಬ್ಬಿಸಲು ಮರೆತ ಅನ್ನುತ್ತಾರೆ. ಊರಿಗೆಲ್ಲ ಡಬ್ಬಿಯ ಹಾಸ್ಯ ಮಾಡಿಕೊಂಡು ತಿರುಗಿದವನು ತನ್ನದನ್ನೇ ಮರೆತ, ನೋಡಿ ಹಣೆಬರಹ, ಅನ್ನುತ್ತಾರೆ. ಗಾಳಿಯಲ್ಲಿ ಇಬ್ಬರು ತಾಗಿಕೊಳ್ಳುವುದು ಆಗಾಗ ನಡೆಯುವ ಮಾತೇ. ಮೇಷ್ಟ್ರು ಈ ಯೋಜನೆಯನ್ನು ಪಾಠದಂತೆ ತಿರುವಿ ಹಾಕಿ ನೋಡಿದರು. ಎಲ್ಲಿಯೂ ಬಿರುಕು ಕಾಣಲಿಲ್ಲ. ಬಹಳ ದಿನಗಳ ಮೇಲೆ ಅವರಿಗೆ ಹೊಟ್ಟೆ ತುಂಬ ಊಟ ಸೇರಿತು. ಹೆಂಡತಿ ಖುಷಿಯಿಂದ ಇನ್ನೊಂದು ಸೌಟು ಬಡಿಸಿದಳು.

ಜೊತೆಯಾಗಿ ಹಾರೋಣ ಎಂದು ಅವರೇ ಕರೆದರು. ಭಾಮೈದನ ಮುಖ ಅರಳಿತು. “ನಿಜವಾಗ್ಲೂ ಭಾವ? ಕೋಪ ಹೋಯ್ತಾ?”

“ಹೋಯ್ತು ಕಣೋ.”

ಆ ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಮೇಷ್ಟ್ರು ಸಲಕರಣೆ ಕೋಣೆಗೆ ಬರುವಾಗ ಭಾಮೈದ ಅದೇ ಬಾಗಿಲಿನಿಂದ ಫೋನಿನಲ್ಲಿ ಯಾರೊಂದಿಗೋ ನಗುತ್ತ ಹೊರಗೆ ಬರುತ್ತಿದ್ದ. ಅವರನ್ನು ಕಂಡು ತಟ್ಟನೆ ಮಾತು ನಿಲ್ಲಿಸಿದ. ಈ ಹೊತ್ತಿನಲ್ಲೂ ನನ್ನ ಮೇಲೇ ಹಾಸ್ಯ ಎಂದುಕೊಂಡಾಗ, ಮನಸ್ಸಿನಲ್ಲಿ ಎಳ್ಳಷ್ಟು ಉಳಿದಿದ್ದ ಅಳುಕೂ ಸುಟ್ಟುಹೋಯಿತು.

“ನೀನು ನಡಿಯೋ, ಚೀಲ ಎರಡನ್ನೂ ನಾನೇ ತರ್ತೀನಿ” ಎಂದರು.

“ನೀವ್ಯಾಕೆ ಭಾವ ಹೊರೋದು…”

“ನಡಿ ಅಂದ್ನಲ್ಲ.”

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಭಾಮೈದನ ಚೀಲದ ಮುಚ್ಚಳ ಎತ್ತಿದರು. ಪರದೆ ಬೆಳಗುತ್ತಿತ್ತು, ಎದ್ದು ಕೂತ ಮಗುವಿನ ಹಾಗೆ. ಗುಂಡಿ ಒತ್ತಿ ಅದನ್ನು ಮಲಗಿಸಿದರು. ಪರದೆ ಕಪ್ಪಾಯಿತು. ತಮ್ಮ ಚೀಲವನ್ನು ಪಕ್ಕದ ಗೂಟದಿಂದ ಕಿತ್ತು, ಅದರ ಮುಚ್ಚಳದ ಕಡೆ ಕಣ್ಣು ಕೂಡ ಹಾಯಿಸದೆ, ಹೆಗಲಿಗೇರಿಸಿದರು. ಕೊಟ್ಟ ಮಾತಿಗೆ ತಪ್ಪುವ ಗಂಡಸಲ್ಲ ಅವರು.

ವಿಮಾನದಲ್ಲಿ ಒಂದು ಪದ್ಧತಿ. ಜಿಗಿಯುವ ಮೊದಲು ಒಬ್ಬರು ಇನ್ನೊಬ್ಬರ ಬೆನ್ನು ನೋಡಬೇಕು. ಎಷ್ಟೇ ಪಳಗಿದವರಾದರೂ ಸರಿ, ತಮ್ಮ ಬೆನ್ನು ತಮಗೆ ಕಾಣುವುದಿಲ್ಲವಲ್ಲ. ಮೇಷ್ಟ್ರು ಭಾಮೈದನ ಮುಚ್ಚಳ ಎತ್ತಿದರು. ಕಪ್ಪು ಪರದೆಯಲ್ಲಿ ತಮ್ಮದೇ ಮೂಗು ಮಸುಕಾಗಿ ಕಂಡಿತು. ಮುಚ್ಚಳ ಹಾಕಿ ಬೆನ್ನು ತಟ್ಟಿ “ಸರಿ ಇದೆ” ಎಂದರು. ಆಮೇಲೆ ಅವನ ಸರದಿ. ಅವನು ಅವರ ಮುಚ್ಚಳವನ್ನು ಎತ್ತಿ, ಒಳಗೆ ಬಗ್ಗಿ ನೋಡಿ, ಮೆಲ್ಲಗೆ ಮುಚ್ಚಿ, ಬೆನ್ನು ಸವರಿದ. “ಎಲ್ಲಾ ಸರಿ ಇದೆ ಭಾವ” ಎಂದು ಕಣ್ಣು ಮಿಟುಕಿಸಿದ. ಮಲಗಿದ ಡಬ್ಬಿ ನೋಡಿಯೂ ಅಣಕಿಸುತ್ತಾನೆ, ಬಡ್ಡೀಮಗ! ಮೇಷ್ಟ್ರ ಹಲ್ಲುಗಳು ತಾವಾಗಿ ಕಚ್ಚಿಕೊಂಡವು.

ಜಿಗಿದರು. ಗಾಳಿ ಕಿವಿಯಲ್ಲಿ ಬೊಬ್ಬೆ ಹೊಡೆಯಿತು. ಇಬ್ಬರೂ ಎದುರುಬದುರಾಗಿ ಬೀಳುತ್ತಿದ್ದಾಗ ಭಾಮೈದ, ಮೊದಲ ಹಾರಾಟದ ದಿನದ ಹಾಗೆ, ಎರಡೂ ಕೈ ಮುಂದೆ ಚಾಚಿದ. ಮೇಷ್ಟ್ರು ಆ ಕೈಗಳನ್ನು ಹಿಡಿಯಲಿಲ್ಲ. ಮೇಲಕ್ಕೆ ಸರಿದರು, ಮೈ ಮಡಿಸಿದರು, ಮೊಣಕಾಲು ಮುಂದೆ ಮಾಡಿ ಆ ತೊಗಲಿನ ಟೋಪಿಯ ಮೇಲೆ ಇಷ್ಟು ದಿನದ ಸಿಟ್ಟನ್ನೆಲ್ಲ ಇಳಿಸಿದರು. ತಗುಲಿತು. ಸರಿಯಾಗಿಯೇ ತಗುಲಿತು. ಆದರೆ ಹೊಡೆಸಿಕೊಂಡ ಮೈ ಮಗುಚಿ ಬಿದ್ದಾಗ ಅದರ ಬೂಟು ಬಂದು ಮೇಷ್ಟ್ರ ದವಡೆಗೆ ಬಡಿಯಿತು. ಕಣ್ಣು ಕತ್ತಲೆ ಬಂತು.

ಎಚ್ಚರವಾದಾಗ ಬಿಳಿಯ ತುರ್ತು ಪ್ಯಾರಾಚೂಟಿನ ಕೆಳಗೆ ತೂಗುತ್ತಿದ್ದರು. ನೆಲ ಹತ್ತಿರದಲ್ಲೇ ಇತ್ತು. ಬಾಯಿ ತುಂಬ ರಕ್ತ, ಬಲಗೈ ಎತ್ತಲಾಗದು. ಆದರೂ ಒಳಗೊಳಗೇ ಹಿಗ್ಗಿದರು. ಪ್ರಜ್ಞೆ ಹೋದರೂ ನನ್ನ ಕೈ ಹೋಗಿ ಹಿಡಿ ಎಳೆದಿದೆ, ಇದಕ್ಕೆ ಅನ್ನುವುದು ಅನುಭವ! ಮೈದಾನದ ಆ ತುದಿಯಲ್ಲಿ ಜನ ಒಂದೇ ಕಡೆಗೆ ಓಡುತ್ತಿದ್ದರು. ಯಾರೂ ಇವರ ಕಡೆಗೆ ಓಡಿ ಬರಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯ ಮಂಚದ ಮೇಲೆ ದವಡೆಗೆ ಪಟ್ಟಿ ಕಟ್ಟಿಸಿಕೊಂಡು ಮೇಷ್ಟ್ರು ತನಿಖೆಯ ಅಧಿಕಾರಿಗೆ ಹೇಳಿಕೆ ಕೊಟ್ಟರು. ಹೆಂಡತಿ ಕಾಲಬುಡದ ಕುರ್ಚಿಯಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಬೆಳಗಿನಿಂದ ಅತ್ತು ಅತ್ತು ಅವಳ ದನಿ ಹೂತುಹೋಗಿತ್ತು.

“ಬೇರೆ ಯಾರನ್ನೂ ಅನುಮಾನಿಸಬೇಡಿ ಸರ್. ಪ್ಯಾರಾಚೂಟ್ ಮಡಿಸೋರು ಬಡಪಾಯಿಗಳು. ಬೆಳಗ್ಗೆ ಕೋಣೆಯಿಂದ ವಿಮಾನದ ತನಕ ಎರಡೂ ಚೀಲ ನನ್ನ ಹೆಗಲ ಮೇಲೇ ಇತ್ತು, ಇನ್ಯಾರೂ ಮುಟ್ಟಿಲ್ಲ. ಬೆನ್ನು ನೋಡುವಾಗ ಚೀಲ ಮುಚ್ಚಿಡೋ ಪಿನ್ ನೋಡಿದೆ, ಪರದೆ ನೋಡೋದು ಬಿಟ್ಟೆ. ಅದು ನನ್ನ ತಪ್ಪು.” ಈ ಕೊನೆಯ ಮಾತು ಹೇಳುವಾಗ ದನಿ ನಡುಗಿಸಿದ್ದು ಅವರಿಗೇ ಮೆಚ್ಚುಗೆಯಾಯಿತು. “ಹುಡುಗನ ಡಬ್ಬಿ ಆಫ್ ಆಗಿತ್ತು ಅಂದ್ರಲ್ಲ, ಬೆಳಗ್ಗೆ ಎಬ್ಬಿಸೋದು ಮರೆತುಬಿಟ್ಟ. ನನ್ನ ಕೈಯೇನೋ ಹೇಗೋ ಹಿಡಿ ಎಳೀತು, ಬದುಕ್ಕೊಂಡೆ.”

“ಇಲ್ಲ ಮೇಷ್ಟ್ರೇ” ಎಂದರು ಅಧಿಕಾರಿ, ಸಮಾಧಾನ ಹೇಳುವವರ ಹಾಗೆ. “ನಿಮ್ಮ ಹಿಡಿ ಇದ್ದ ಜಾಗದಲ್ಲೇ ಇದೆ, ನೀವು ಎಳೆದಿಲ್ಲ. ಪ್ಯಾರಾಚೂಟ್ ಬಿಚ್ಚಿದ್ದು ನಿಮ್ಮ ಡಬ್ಬಿ. ಪುಣ್ಯಕ್ಕೆ ಅದು ಆನ್ ಆಗಿತ್ತು.”

ಹೆಂಡತಿ ಬಾಯಿಂದ ಸೆರಗು ತೆಗೆದಳು. ಗಂಡನ ಮುಖ ನೋಡದೆ, ಅಧಿಕಾರಿಯ ಕಡೆಗೇ ತಿರುಗಿ ಹೇಳಿದಳು: “ಇವರು ಅದನ್ನ ಮುಟ್ಟೋದು ಬಿಟ್ಟು ಎಷ್ಟೋ ಕಾಲ ಆಯ್ತು ಸರ್. ನಾನೇ ತಮ್ಮನ ಕೈಕಾಲು ಹಿಡ್ಕೊಂಡೆ. ದಿನಾ ಬೆಳಗ್ಗೆ ಇವರಿಗೆ ಗೊತ್ತಾಗದ ಹಾಗೆ ಆ ಕೋಣೆಗೆ ಹೋಗಿ, ಮೊದಲು ಭಾವಂದು, ಆಮೇಲೆ ತನ್ನದು ಎಬ್ಬಿಸಿ, ಅಲ್ಲಿಂದಲೇ ನನಗೆ ಫೋನ್ ಮಾಡ್ತಿದ್ದ. ಇವತ್ತೂ ಮಾಡಿದ. ‘ಅಕ್ಕಾ, ಎರಡೂ ಎದ್ದಿವೆ, ನೀನು ನೆಮ್ಮದಿಯಾಗಿರು’ ಅಂತ ನಕ್ಕ.” ಆಮೇಲೆ ಎದ್ದು ಮಂಚದ ಹತ್ತಿರ ಬಂದಳು. ಮೇಷ್ಟ್ರು ಅವಳ ಮುಖದಲ್ಲಿ ಅಂಥ ಸಿಟ್ಟನ್ನು ಎಂದೂ ಕಂಡಿರಲಿಲ್ಲ. “ಎರಡೂ ಚೀಲ ನನ್ನ ಹೆಗಲ ಮೇಲೇ ಇತ್ತು, ಯಾರೂ ಮುಟ್ಟಿಲ್ಲ ಅಂದ್ರಲ್ಲ. ನನ್ನ ತಮ್ಮಂದನ್ನ ಯಾರ್ರೀ ಮಲಗಿಸಿದ್ದು?”