ಗಜಕೇತು ಎಳೆಸಿದ ತೊಗಲು

ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ ಹೊಂಗೆನಾಡು ಎಂಬ ಪುಟ್ಟ ರಾಜ್ಯವಿತ್ತು. ಬೆಳಗ್ಗೆ ಹೊರಟರೆ ಸಂಜೆಯೊಳಗೆ ಇಡೀ ನಾಡನ್ನು ಸುತ್ತಿ ಬರಬಹುದಿತ್ತು. ಯಾರ ಹೊಟ್ಟೆಗೂ ಕಡಿಮೆಯಿರಲಿಲ್ಲ, ದೊರೆ ಗಜಕೇತುವಿನ ಹೊಟ್ಟೆಯೊಂದನ್ನು ಬಿಟ್ಟು.

ಇನ್ನಷ್ಟು ನೆಲ ಬೇಕೆನ್ನುತ್ತಿದ್ದ ಅವನಿಗೆ ಕರ್ಕೋಟನೆಂಬ ಮಾಟಗಾರ ಆ ನಾಡಿನ ನಕ್ಷೆಯನ್ನು ಎಮ್ಮೆಯ ತೊಗಲಿನ ಮೇಲೆ ಬರೆದುಕೊಟ್ಟ. ತೊಗಲನ್ನು ಎಳೆದು ಚೌಕಟ್ಟಿಗೆ ಬಿಗಿದರೆ ನಾಡೂ ಅಷ್ಟೇ ಹಿಗ್ಗುತ್ತಿತ್ತು.

ಮೊದಲ ಸಲ ಎಳೆದಾಗ ನೆರೆನಾಡಿನ ಬೆಟ್ಟ ಒಳಗೆ ಬಂತು. ತಮಟೆ ಕಟ್ಟುವ ಮಾಳವ್ವನ ಮನೆಗೆ ಹತ್ತು ಹೆಜ್ಜೆಯಲ್ಲಿದ್ದ ಬಾವಿ ನೂರು ಹೆಜ್ಜೆ ದೂರವಾಯಿತು. ಎರಡನೆಯ ಸಲ ನದಿ ಒಳಗೆ ಬಂತು. ಬಾವಿಗೆ ಬುತ್ತಿ ಕಟ್ಟಿಕೊಂಡು ಹೋಗಬೇಕಾಯಿತು. ಮೂರನೆಯ ಸಲ ಮೂರು ಪಟ್ಟಣ ಒಳಗೆ ಬಂದವು. ನೀರಿಗೆ ಹೋದ ಅವಳ ಗಂಡ ಕೆಂಚಪ್ಪ ಹಿಂದಿರುಗಲಿಲ್ಲ. ನೆಲ ಎಷ್ಟು ತೆಳುವಾಯಿತೆಂದರೆ, ನೇಗಿಲು ಊರಿದಲ್ಲಿ ತೂತು ಬಿದ್ದು ಕೆಳಗೆ ಮೋಡ ಕಾಣುತ್ತಿತ್ತು. ಅರಮನೆಯಲ್ಲಿ ಮಾತ್ರ ವಿಜಯೋತ್ಸವ. ಹೊಗಳುಭಟರು ಯಾವತ್ತು ನೀರು ಹೊತ್ತಿದ್ದರು?

ತೊಗಲು ಚಿಟಚಿಟ ಎನ್ನತೊಡಗಿದಾಗ ದೊರೆ, ಕರ್ಕೋಟನನ್ನು ಪಕ್ಕದಲ್ಲಿಟ್ಟುಕೊಂಡು, ಮಾಳವ್ವನನ್ನು ಕರೆಸಿದ. ತನಗೆ ಸಮುದ್ರವೂ ಬೇಕು, ಇನ್ನೊಂದೇ ಸಲ ಎಳೆದುಕೊಡು ಎಂದ.

ತಮಟೆಯವರು ತೊಗಲನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ; ಬೆಳಕು ಇಣುಕಿದರೆ ಮುಂದೆ ಎಳೆಯುವುದಿಲ್ಲ. ಮಾಳವ್ವ ಚೌಕಟ್ಟನ್ನು ಸೂರ್ಯನತ್ತ ತಿರುಗಿಸಿದಳು. ಎಲ್ಲೆಲ್ಲೂ ಬೆಳಕು. ನಡುವೆ, ಮನೆಗೂ ಬಾವಿಗೂ ಮಧ್ಯೆ, ಇರುವೆಯಷ್ಟು ದೊಡ್ಡ ಮನುಷ್ಯನೊಬ್ಬ ಹೆಗಲ ಮೇಲೆ ಕೊಡ ಹೊತ್ತು ನಡೆಯುತ್ತಲೇ ಇದ್ದ. ಕೆಂಚಪ್ಪ.

"ಹರಿಯುತ್ತದಾ?" ದೊರೆ ಕೇಳಿದ.

"ಒಣಗಿದ್ದನ್ನು ಎಳೆದರೆ ಹರಿಯುತ್ತದೆ, ಬುದ್ಧೀ. ಬಿಚ್ಚಿ ನೆನೆಸಬೇಕು. ಅಷ್ಟರಲ್ಲಿ ನೀವಿಬ್ಬರೂ ಗಡಿಗೆ ಹೋಗಿ ನಿಂತಿರಿ. ಸಮುದ್ರ ಬರುವುದನ್ನು ಕಣ್ಣಾರೆ ನೋಡಬಹುದು."

ನೆನೆದ ತೊಗಲನ್ನು ಬಿಗಿಯದೆ ಒಣಗಿಸಿದರೆ ಏನಾಗುತ್ತದೆಂದು ದೊರೆಯೂ ಕೇಳಲಿಲ್ಲ, ಮಾಟಗಾರನೂ ಕೇಳಲಿಲ್ಲ. ದುಡಿದ ಕೈಯಾಗಿದ್ದರೆ ಕೇಳುತ್ತಿತ್ತು.

ಅವಳು ತೊಗಲನ್ನು ನೀರಿಗೆ ಹಾಕಿದಳು. ನಾಡಿಗೆಲ್ಲ ಹದವಾದ ಮಳೆ ಬಿತ್ತು. ಬಿಸಿಲಿಗೆ ಹರವಿದಳು, ತೊಗಲು ಮುದುರತೊಡಗಿತು. ಪಟ್ಟಣಗಳು, ನದಿ, ಬೆಟ್ಟ ಎಲ್ಲವೂ ತಮ್ಮವರ ಕೈಸೇರಿದವು. ಗಡಿ ಗಜಕೇತುವಿನ ಕಾಲಡಿಯಿಂದಲೇ ಜಾರಿ ಹಿಂದಕ್ಕೆ ಓಡಿತು. ಅವನೂ ಕರ್ಕೋಟನೂ ಪರರ ನೆಲದಲ್ಲಿ ಉಳಿದರು. ಅಲ್ಲಿನ ಜನ ಇಬ್ಬರ ಕೈಗೂ ಗುದ್ದಲಿ ಕೊಟ್ಟು, ತಮ್ಮ ಹೊಲಗಳಲ್ಲಿ ಬಿದ್ದಿದ್ದ ತೂತು ಮುಚ್ಚಲು ಹಚ್ಚಿದರು.

ಬಾವಿ ಮತ್ತೆ ಹತ್ತು ಹೆಜ್ಜೆಗೆ ಬಂತು. ಕೆಂಚಪ್ಪ ಮನೆಯಂಗಳದಲ್ಲಿ ಕೊಡ ಇಳಿಸಿದ.

"ಒಂದು ಕೊಡಕ್ಕೆ ಮೂರು ದಿನ ಬೇಕಾಯಿತಾ, ಮಾರಾಯ?" ಎಂದು ಮಾಳವ್ವ ಬೈದಳು. ಬೈಯುತ್ತಲೇ ಅವನ ಕಾಲಿಗೆ ಎಣ್ಣೆ ತಿಕ್ಕಿದಳು.

ಇದ್ದುದನ್ನೂ ತೆಳುವಾಗಿಸುವಷ್ಟು ಹಿಗ್ಗಿಸುವುದಕ್ಕೆ ಆ ನಾಡಿನವರು ಅಂದಿನಿಂದ 'ಗಜಕೇತಿಸು' ಎನ್ನುತ್ತಾರೆ. ಹೊಸ ದೊರೆ ಒಮ್ಮೆ ಸಭೆಯಲ್ಲಿ, ಕೋಟೆಯನ್ನು ಇನ್ನೊಂದಿಷ್ಟು ಮುಂದಕ್ಕೆ ಕಟ್ಟೋಣವೇ ಎಂದ. ಹಿಂದಿನಿಂದ ಒಬ್ಬ ಅಜ್ಜಿ, "ಗಜಕೇತಿಸಬೇಡಪ್ಪ" ಎಂದಳು. ನಾಡು ಪುಟ್ಟದಾಗಿಯೇ ಉಳಿಯಿತು, ಎಲ್ಲರೂ ಹೊಟ್ಟೆತುಂಬ ಉಂಡು ಬಾಳಿದರು.