ಬುಡ ಮೇಲಾದ ಕಡ್ಡಿಗಳು

"ಆ ಬಳ್ಳಿಗೆ ಮಾತ್ರ ಕತ್ತರಿ ಇಡಬೇಡ ಕಣೋ," ಎಂದಳು ಹೋಜರ್ ಅಜ್ಜಿ. "ನನ್ನ ಸವತಿ ನೆಟ್ಟಿದ್ದು ಅದು. ಬುಡದಲ್ಲಿ ಮಂತ್ರಿಸಿದ ದಾರ ಹೂತಿದ್ದಾಳೆ. ಅದು ಬೇರು ಬಿಟ್ಟ ಮನೇಲಿ ಕೂಸು ಉಳಿಯೋಲ್ಲ. ನಾನು ಐದು ಹೆತ್ತೆ. ಒಂದನ್ನಾದ್ರೂ ನೋಡಿದ್ದೀಯಾ?"

ಯೋರ್ಕಿನ್ ನಕ್ಕ. ತಾಷ್ಕೆಂಟಿನಲ್ಲಿ ತೋಟಗಾರಿಕೆ ಓದಿ, ಹೆಂಡತಿಯ ಊರಾದ ನಮ್ಮ ಉರ್ಗುಟ್ಟಿನಲ್ಲಿ ಸಸಿ ಮಾರಲು ಬಂದ ಜಾಣ ಅವನು. ಓದಿದವರಿಗೆ ನಮ್ಮಂಥವರು ಯಾವ ಲೆಕ್ಕ?

ನವೆಂಬರಿನ ಮಧ್ಯಾಹ್ನ. ಹಿಮ ಬೀಳುವ ಮುನ್ನ ದ್ರಾಕ್ಷಿ ಬಳ್ಳಿಗಳನ್ನು ಚಪ್ಪರದಿಂದಿಳಿಸಿ ಮಣ್ಣಿನಡಿ ಮಲಗಿಸುವ ಗಡಿಬಿಡಿಯಲ್ಲಿತ್ತು ಊರು. ಅಜ್ಜಿಯ ಬಳ್ಳಿಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅದು ಚಪ್ಪರದ ಮೇಲೆಯೇ ಚಳಿಗಾಲ ಕಳೆಯುತ್ತಿತ್ತು, ಆದರೂ ಸಾಯುತ್ತಿರಲಿಲ್ಲ. ಯೋರ್ಕಿನ್‌ಗೆ ಆಸೆ ಹತ್ತಿದ್ದು ಅದನ್ನು ಕಂಡೇ.

"ಅಜ್ಜೀ, ಕಡ್ಡಿ ಬೇರು ಬಿಡೋದು ಮರಳು, ತೇವ ಇದ್ರೆ. ದಾರದಿಂದಲ್ಲ."

"ನಿನ್ನ ಹೆಂಡ್ತಿ ಬಸುರಿ ಅಲ್ವೇನೋ?"

"ಹೌದು. ಈ ಕಡ್ಡಿ ಫಲ ಬಿಟ್ಟಾಗ ಮಗು ಕೈಲೇ ನಿಂಗೊಂದು ಗೊಂಚಲು ಕಳಿಸ್ತೀನಿ, ಬಿಡು."

ಕಚಕ್. ಕಚಕ್. ಗೇಣುದ್ದದ ಕಡ್ಡಿಗಳು, ಬುಡಕ್ಕೆ ನೇರ ಕೊಯ್ತ, ತುದಿಗೆ ಓರೆ. ಅಜ್ಜಿ ಅವನ ಕಾಲಬಳಿ ಉಗಿದಳು.

"ಹಾಳಾಗ್ ಹೋಗು! ಬೇರು ಬಿಡೋಕ್ ಮುಂಚೆ ತಂದೊಪ್ಪಿಸಿದ್ರೆ ಬಚಾವು. ಆಮೇಲೆ ನನ್ನ ಬಾಗಿಲು ತಟ್ಟಬೇಡ."

ಅವನು ಕಡ್ಡಿಗಳನ್ನು ಕಂತೆ ಕಟ್ಟಿ ಮರಳಿನಲ್ಲಿ ತಲೆಕೆಳಗಾಗಿ ಹೂತ. ನಾವು ಮಾಡುವುದೂ ಹಾಗೆಯೇ. ತುದಿಯ ಮೊಗ್ಗು ಕೆಳಗೆ ತಂಪಿನಲ್ಲಿ ನಿದ್ದೆಹೋಗುತ್ತದೆ, ಮೇಲಾದ ಬುಡದ ಗಾಯ ಮಾಯುತ್ತದೆ, ಬೇರು ಬರುವುದು ವಸಂತಕ್ಕೆ. ಆದರೆ ನಾವು ಹೂಳುವುದು ಹಿತ್ತಲ ಗುಂಡಿಯಲ್ಲಿ. ಈ ಪುಣ್ಯಾತ್ಮ ಹೂತದ್ದು ನೆಲಮಾಳಿಗೆಯಲ್ಲಿ, ಹೆಂಡತಿ ಸಾಯೋರಾ ಮಲಗುವ ಕೋಣೆಯ ಕೆಳಗೆ, ಒಲೆಯ ಬಿಸಿ ಇಳಿಯುವ ಜಾಗದಲ್ಲಿ.

ಫೆಬ್ರವರಿಯ ಒಂದು ಬೆಳಗ್ಗೆ ಸಾಯೋರಾ ಹೊಟ್ಟೆ ಹಿಡಿದು ಕೂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ನಿನ್ನೆಯಿಂದ ಕೂಸು ಒದೀತಾ ಇಲ್ಲ, ರೀ."

ನೆಲದ ಹಲಗೆಗಳ ಸಂದಿಯಿಂದ ಒಡೆದ ಹಾಲಿನ ವಾಸನೆ ಏಳುತ್ತಿತ್ತು. ಯೋರ್ಕಿನ್ ಏಣಿ ಇಳಿದ. ಕೆಳಗೆ ಕಗ್ಗತ್ತಲೆ. ಎಲ್ಲೋ ಏನೋ ಹೀರುವ ಸದ್ದು. ಟಾರ್ಚು ಹಾಕಿದ.

ಬೇರು. ಬಿಳಿ ಬೇರು. ಕೂದಲಿನಷ್ಟು ಸಣ್ಣದು. ಮರಳಿಗಿಳಿದಿರಲಿಲ್ಲ. ಬರಿಯ ಗಾಳಿಯಲ್ಲಿ ಮೇಲೇರಿತ್ತು. ಹಲಗೆಯೊಳಗೆ ನುಗ್ಗಿತ್ತು. ಅದರ ಮೇಲೆಯೇ ಅವಳ ಹಾಸಿಗೆ.

ಮುಷ್ಟಿ ತುಂಬ ಹಿಡಿದು ಎಳೆದ. ಮೇಲೆ ಸಾಯೋರಾ ಚೀರಿದಳು. ಬಿಟ್ಟ. ಚೀರಾಟ ನಿಂತಿತು. ಮೆಲ್ಲಗೆ ಎಳೆದ. ಮತ್ತೆ ಚೀರಿದಳು.

ಬರಿಗಾಲಲ್ಲೇ ಹಿಮ ತುಳಿಯುತ್ತ ಓಡಿದ. ಅಜ್ಜಿ ಬಾಗಿಲು ತೆಗೆಯಲಿಲ್ಲ.

"ಬೇರು ಬಿಡ್ತಾ?" ಒಳಗಿನಿಂದಲೇ ಕೇಳಿದಳು.

"ಬಿಡ್ತು ಅಜ್ಜೀ. ನಂದೇ ತಪ್ಪು. ನಿಮ್ಮ ಕಾಲಿಗೆ ಬೀಳ್ತೀನಿ, ಕೂಸೊಂದು ಉಳಿದ್ರೆ ಸಾಕು."

"ನಾನು ಅತ್ತಾಗ ಈ ಊರಲ್ಲಿ ಯಾರು ಬಂದ್ರೋ?" ಅವಳ ಹೆಜ್ಜೆ ಬಾಗಿಲ ಹತ್ತಿರ ಬಂತು. ಆಮೇಲೆ ಅಂದಳು, "ಕುಡಿಯೋಕೆ ಬಂದಿದೆ ಅದು. ಬರಿಗೈಲಿ ಹೋಗಲ್ಲ. ಕತ್ತರಿ ಹಿಡಿದವನೇ ಹೋಗಿ ಅದರ ಪಕ್ಕದಲ್ಲಿ ಮಲಗ್ಬೇಕು. ಕೂಸನ್ನ ಬಿಟ್ಟು ನಿನ್ನ ಹಿಡಿದ್ರೂ ಹಿಡೀತು. ಏನು ತಗೊಳ್ಳುತ್ತೋ ಅದರಿಷ್ಟ."

"ನೀವು ಮಲಗಲಿಲ್ವಾ?"

"ಕತ್ತರಿ ಹಿಡಿದೋಳು ನಾನಲ್ವಲ್ಲ. ಹಿಡಿದ ಸವತಿ ನಗ್ತಾ ನಿಂತಿದ್ಲು."

ಯೋರ್ಕಿನ್ ಹಿಂದಿರುಗಿದ. ನಮ್ಮನ್ನು ನೋಡಿ ನಕ್ಕವನ ಮೇಲೆ ನನಗೇನೂ ಮಮತೆಯಿಲ್ಲ, ಆದರೂ ಹೇಳುತ್ತೇನೆ, ಅವನು ಹಿಂಜರಿಯಲಿಲ್ಲ. ಏಣಿ ಇಳಿದ. ಟಾರ್ಚು ಆರಿಸಿದ. ಮರಳಿನ ಮೇಲೆ ಮಗ್ಗುಲಾದ.

ಮೊದಲು ಏನೂ ಇಲ್ಲ. ಆಮೇಲೆ ಹಲಗೆ ಕಿರುಗುಟ್ಟಿತು. ತಣ್ಣಗಿನದೇನೋ ಕೆನ್ನೆ ಮುಟ್ಟಿತು. ತುಟಿ ತಡವಿತು. ಕಣ್ಣು ತಡವಿತು. ಬೇಡವೆಂದು ಬಿಟ್ಟಿತು. ಕಿವಿಗೆ ಬಂತು. ನಿಂತಿತು. ಒಳಗಿಳಿಯಿತು. ಅವನು ಅಂಗಿಯ ತೋಳು ಕಚ್ಚಿ ಹಿಡಿದ. ಇನ್ನೊಂದು ಕಿವಿಗೂ ಬಂತು. ಉಸಿರಾಡಲಾಗಲಿಲ್ಲ. ಅಲುಗಲಿಲ್ಲ.

ಮೇಲಿನಿಂದ ಸಾಯೋರಾ ಕೂಗಿದಳು. "ರೀ! ಒದೀತು! ಕೂಸು ಒದೀತು, ರೀ!"

ಅವನು ಕೇಳಿದ ಕಡೆಯ ಮಾತು ಅದೇ.

ಏಪ್ರಿಲ್ಲಿನಲ್ಲಿ ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿ ತಂದು ಅವನ ತೋಳಲ್ಲಿಟ್ಟಳು. ಮಗುವಿನ ಮುಖ ಕೆಂಪಾಗಿತ್ತು, ಬಾಯಿ ಪೂರ್ತಿ ತೆರೆದಿತ್ತು, ಕಿರುನಾಲಿಗೆ ನಡುಗುತ್ತಿತ್ತು. ಎಂಥಾ ಗಂಟಲಪ್ಪಾ ಇದರದು ಎಂದು ಹೆಂಗಸರೆಲ್ಲ ನಗುತ್ತ ಕಿವಿ ಮುಚ್ಚಿಕೊಂಡರು. ಯೋರ್ಕಿನ್ ತನ್ನ ಕಿವಿಯನ್ನು ಮಗುವಿನ ಬಾಯಿಗೆ ಒತ್ತಿ ಹಿಡಿದ. ಒಳಗೆ ಬೇರು ಒಂದಿಷ್ಟು ಜರುಗಿತು, ಅಷ್ಟೇ.